ಕಂದೀಲಿಗೆ ಹೇಳಿದ ಮಾತು

ಆ ದಿನ ಬೆಳಿಗ್ಗೆ ನಮ್ಮ ಅತ್ತೆ ಕಂದೀಲಿನ ಜೊತೆ ಮಾತಾಡುತ್ತಿದ್ದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಏಳೆಂಟು ವರ್ಷಗಳಿಂದ ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದ್ದದ್ದೇ ಅದು. ನಾನು ಪಡಸಾಲೆಯಲ್ಲಿ ಬಬಲೇಶ್ವರದ ಸಂತೆಗೆ ಬುಟ್ಟಿ ಕಟ್ಟುತ್ತಿದ್ದೆ. ಅವರು ಒಳಬಾಗಿಲ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಟ್ಟೆಯ ಚಿಂದಿ ಆರಿಸುತ್ತ ಕುಳಿತಿದ್ದರು. ಚೌಕಟ್ಟಿನ ಮೊಳೆಗೆ ಒಂದು ಹಳೆಯ ಕಂದೀಲು ತೂಗುತ್ತಿತ್ತು. ಅದಕ್ಕೆ ಅವರು ಹೇಳಿದರು: “ಕಂದೀಲಾ, ಸೊಲ್ಲಾಪುರದ ಪೆಟಗಿ ವಿಚಾರ ಒಂದು ತಲ್ಯಾಗ ಬಂದೈತಿ ನೋಡು. ಅದಕ್ಕೂ ಒಂದು ಹಾದಿ ಐತಿ.” ನಾನು ಹಗ್ಗ ಬಿಗಿಯುತ್ತ ಕಂದೀಲಿಗೇ ಉತ್ತರ ಕೊಟ್ಟೆ: “ಸಂಜಿಕ ಕೇಳ್ತಾರಂತ ಹೇಳು. ಚಕ್ಕಡಿ ಬಂದು ನಿಂತೈತಿ.” ಅತ್ತೆ, “ಆತು, ಸಂಜಿಕ ಹೇಳೂಣಂತ. ಅಷ್ಟರಾಗ ನಾನೂ ಇನ್ನೊಂದೀಟು ವಿಚಾರ ಮಾಡ್ತೀನಿ” ಅಂದರು, ಕಂದೀಲಿಗೆ. ನಾನು ಹೊರಟೆ.

ಇದನ್ನು ಓದಿದವರು ನಮ್ಮದು ಹುಚ್ಚರ ಮನೆ ಎಂದುಕೊಳ್ಳುವ ಮೊದಲು ಸ್ವಲ್ಪ ವಿವರಿಸಬೇಕು. ವಿಜಾಪುರದ ಜೋರಾಪುರ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಂದೀಲು, ಕಂದೀಲಿನ ಗಾಜು, ಬತ್ತಿ, ಇಷ್ಟೇ ಸರಕು. ಖರ್ಚು ಇಳಿಸುವುದರಲ್ಲಿ ನನ್ನಷ್ಟು ಜಾಣ ಪೇಟೆಯಲ್ಲಿಯೇ ಇಲ್ಲ ಎಂಬ ಹೆಸರು ನನಗಿದೆ. ಲಾಭ ಇರುವುದು ಮಾರುವ ಕಟ್ಟೆಯ ಮೇಲಲ್ಲ, ಸರಕು ಬರುವ ಹಾದಿಯಲ್ಲಿ ಎಂದು ನಾನು ಹೇಳಿದರೆ ನಾಲ್ಕು ಜನ ತಲೆದೂಗುತ್ತಾರೆ. ನಾನು ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಏಳನೆಯ ಇಯತ್ತೆ. ಅಲ್ಲಿಯ ಲೆಕ್ಕದ ಪುಸ್ತಕದಲ್ಲಿ ಒಬ್ಬ ವ್ಯಾಪಾರಿ ನೂರು ಮಾವಿನ ಹಣ್ಣು ಕೊಳ್ಳುತ್ತಿದ್ದ, ಹತ್ತು ಕೊಳೆಯುತ್ತಿದ್ದವು, ಉಳಿದವನ್ನು ಮಾರುತ್ತಿದ್ದ. ಎಷ್ಟು ಸಲ ಓದಿದರೂ ಹತ್ತೇ ಕೊಳೆಯುತ್ತಿದ್ದವು. ಆ ವ್ಯಾಪಾರಿಯ ಹಣ್ಣಿಗಿದ್ದ ಶಿಸ್ತು ನನ್ನ ಗಾಜಿಗಿದ್ದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಇನ್ನು ಅತ್ತೆಯ ಮಾತು. ಅವರು ಇಟ್ಟಂಗಿಹಾಳದ ಒಕ್ಕಲು ಮನೆಯವರು, ಹೆಸರು ನೀಲವ್ವ. ಗಂಡ ತೀರಿಕೊಂಡ ಮೇಲೆ, ನನ್ನ ಹೆಂಡತಿ ಶಾಂತಾಳ ಬಾಣಂತನಕ್ಕೆಂದು ಬಂದವರು ನಮ್ಮಲ್ಲೇ ಉಳಿದರು. ಗಂಡುಮಕ್ಕಳಿಲ್ಲದ ಹೆಣ್ಣಿಗೆ ಅಳಿಯನ ಮನೆಯ ರೊಟ್ಟಿ ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. “ಪುಕ್ಕಟೆ ಉಣ್ಣಾಕ ಬಂದಿಲ್ಲ ಬೇ ನಾನು” ಎಂದು ಮಗಳಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರ ಊರಿನ ಪದ್ಧತಿಯಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಕೂರುವಂತಿಲ್ಲ, ಮುಖ ನೋಡಿ ಮಾತಾಡುವಂತಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳಬೇಕು, ಮಗಳು ಅಳಿಯನಿಗೆ ಹೇಳಬೇಕು. ನಾನು ಎರಡು ಮಾರು ದೂರದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಿದ್ದೆ. ಆದರೂ ಶಾಂತಾ ಅದನ್ನು ಮತ್ತೊಮ್ಮೆ ಹೇಳುತ್ತಿದ್ದಳು, ಅದೂ ಅರ್ಧ ಬಿಟ್ಟು.

ಅಂಗಡಿ ಹಾಕಿದ ಹೊಸತು, ಹೊಸ ಪೈಸೆ ಬಂದ ಕಾಲ. ಸೊಲ್ಲಾಪುರದಿಂದ ಪೆಟ್ಟಿಗೆಯಲ್ಲಿ ಗಾಜು ತರಿಸಿ, ಬುಟ್ಟಿಗಳಲ್ಲಿ ಜೋಡಿಸಿ, ಚಕ್ಕಡಿಯಲ್ಲಿ ಒಂದು ದಿನ ತಿಕೋಟಾ ಸಂತೆಗೆ, ಇನ್ನೊಂದು ದಿನ ಬಬಲೇಶ್ವರದ ಸಂತೆಗೆ ಒಯ್ಯುತ್ತಿದ್ದೆ. ಆ ಹಾದಿಯ ಕಲ್ಲುಗಳಿಗೂ ನನಗೂ ಯಾವ ಜನ್ಮದ ವೈರವೋ. ಬುಟ್ಟಿ ಬಿಚ್ಚಿದರೆ ಮೂರರಲ್ಲಿ ಒಂದು ಗಾಜು ಚೂರಾಗಿರುತ್ತಿತ್ತು. ಗಾಜಿನ ಸುತ್ತ ಮೆತ್ತಗಿರಲೆಂದು ಒಳ್ಳೆಯ ಹಸಿರು ಹುಲ್ಲನ್ನೇ ಕೊಂಡು ತುಂಬುತ್ತಿದ್ದೆ. ಒಡೆಯುವುದು ಹೆಚ್ಚಾದಂತೆ ಹುಲ್ಲನ್ನೂ ಹೆಚ್ಚಿಸಿದೆ. ಹುಲ್ಲು ಹೆಚ್ಚಿಸಿದಷ್ಟೂ ಗಾಜು ಹೆಚ್ಚು ಒಡೆಯತೊಡಗಿತು. ಇದು ಮುಲ್ಕಿಯ ಯಾವ ಲೆಕ್ಕಕ್ಕೂ ಹೊಂದುವಂತಿರಲಿಲ್ಲ. ಕೊನೆಗೆ ಒಂದು ದಿನ ತಿಕೋಟಾ ಹಾದಿಯಲ್ಲಿ ಎಂದಿನಂತೆ ಮರದ ಕೆಳಗೆ ಮಲಗಿದವನು ಬೇಗ ಎದ್ದೆ. ನೋಡಿದರೆ ಕೊರಳು ಬಿಚ್ಚಿದ ಎತ್ತುಗಳೆರಡೂ ನನ್ನ ಬುಟ್ಟಿಗಳಲ್ಲಿ ಮುಖ ಇಟ್ಟು, ಗಾಜಿನ ನಡುವಿನಿಂದ ಹುಲ್ಲನ್ನು ಎಳೆದೆಳೆದು ತಿನ್ನುತ್ತಿವೆ.

“ಮಲ್ಲಪ್ಪಾ, ಏನೋ ಇದು!” ಎಂದು ಚಕ್ಕಡಿಯವನನ್ನು ಕೂಗಿದೆ.

ಮಲ್ಲಪ್ಪ ಗಾಬರಿಯಾಗಲಿಲ್ಲ. “ಯಾಕ್ರಿ ಸಾವಕಾರ್ರ, ಎತ್ತಿಗಂತ ನೀವ ತಂದೀರಲ್ರಿ? ಬಾಡಿಗಿ ಕೊಟ್ಟು ಮ್ಯಾಲ ಮೇವೂ ತರೂ ಸಾವಕಾರ್ರನ್ನ ನಾ ನೋಡಿದ್ದಿಲ್ರಿ. ಊರ ತುಂಬ ನಿಮ್ಮನ್ನ ಹೊಗಳಾಕತ್ತೇನ್ರಿ!”

ಆ ಹೊಗಳಿಕೆಯನ್ನು ಹೊತ್ತುಕೊಂಡು ಮನೆಗೆ ಬಂದು, ಎತ್ತಿನ ಕಥೆಯನ್ನೆಲ್ಲ ಹೇಳಿ, ದೀಪಾವಳಿ ಮುಗಿದ ಮೇಲೆ ಅಂಗಡಿ ಮುಚ್ಚಿ ಮತ್ತೆ ಹತ್ತಿ ಅಂಗಡಿಯ ಗುಮಾಸ್ತಿಕೆಗೆ ಹೋಗುತ್ತೇನೆಂದು ಶಾಂತಾಳಿಗೆ ಹೇಳಿದೆ. ಮರುದಿನ ಶಾಂತಾ ನೀರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಬಾಗಿಲ ಹಿಂದೆ ಅತ್ತೆ. ಹೇಳಬೇಕಾದ ಮಾತು ಇದೆ, ಹೇಳಿ ಕಳಿಸಲು ಮಗಳಿಲ್ಲ. ಇದ್ದಕ್ಕಿದ್ದಂತೆ ಒಳಗಿನಿಂದ ಗುಡುಗಿದಂತಾಯಿತು. “ಲೇ ಕಂದೀಲಾ! ನಿನಗ ಬುದ್ಧಿ ಐತೇನಲೇ? ಎತ್ತು ತಿನ್ನೂದನ್ನ ಎತ್ತಿನ ಗಾಡ್ಯಾಗ ತುಂಬಿ ಯಾರರೆ ಕಳಸ್ತಾರೇನಲೇ? ಕಲ್ತಂವ ಅಂತ ನಿನಗ!”

ನಾನು ಮೊಳೆಯ ಮೇಲಿನ ಕಂದೀಲನ್ನು ನೋಡಿದೆ. ಅದು ಕಲಿತದ್ದು ಏನೂ ಇರಲಿಲ್ಲ.

“ಸಿದ್ಧೇಶ್ವರ ಗುಡಿ ಹತ್ರ ಸಿಂಪಿಗ್ಯಾರ ಅಂಗಡಿ ಮುಂದ ಚಿಂದಿ ಕಸದಾಗ ಬಿದ್ದಾವ. ತಂದು ಗಾಜಿಗೆ ಸುತ್ತಬೇಕಲೇ. ಎತ್ತಿನ ಅಪ್ಪ ಬಂದ್ರೂ ಅದನ್ನ ತಿನ್ನೂದಿಲ್ಲ.”

ಅತ್ತೆ ಅಳಿಯನಿಗೆ ‘ಲೇ’ ಅನ್ನುವಂತಿಲ್ಲ. ಕಂದೀಲಿಗೆ ಅನ್ನಬಹುದು. ಅಂದಿನಿಂದ ಅವರು ಮಗಳ ಮೂಲಕ ಹೇಳುವುದನ್ನು ಬಿಟ್ಟೇಬಿಟ್ಟರು. ಕಂದೀಲು ಅರ್ಧ ಮಾತು ಬಿಡುತ್ತಿರಲಿಲ್ಲ.

ಬಟ್ಟೆ ಹೊಲಿಯುವ ಸಿಂಪಿಗರು ಚಿಂದಿಯನ್ನು ಪುಕ್ಕಟೆಯಾಗಿ ಕೊಟ್ಟರು, ಕಸ ಗುಡಿಸುವುದು ತಪ್ಪಿತೆಂದು ಒಂದು ಕಪ್ಪು ಚಹಾ ಕೂಡ ಕುಡಿಸಿದರು. ಹುಲ್ಲಿನ ಖರ್ಚು ನಿಂತಿತು. ಆ ವಾರ ತಿಕೋಟಾದಲ್ಲಿ ಬುಟ್ಟಿ ಬಿಚ್ಚಿದಾಗ ಒಂದು ಗಾಜೂ ಒಡೆದಿರಲಿಲ್ಲ. ನಾನು ಎದೆಯುಬ್ಬಿಸಿ ಗಾಜುಗಳನ್ನು ಸಾಲಾಗಿ ಜೋಡಿಸಿ, ಚಿಂದಿಯನ್ನು ಹಿಂದೆ ರಾಶಿ ಹಾಕಿದೆ. ಬಂದ ಹೆಂಗಸರು ಗಾಜುಗಳನ್ನು ದಾಟಿ ರಾಶಿಯ ಹತ್ತಿರ ಹೋದರು.

“ಅಣ್ಣಾರ, ಇವನ್ನ ಹೆಂಗ ಕೊಡ್ತೀರಿ?”

“ಗಾಜು ಇಲ್ಲಿ ಅದಾವ ನೋಡವ್ವಾ.”

“ಗಾಜ ಇರ್ಲಿ ತಗೀರಿ. ಕೌದಿ ಹೊಲಿಯಾಕ ಚಿಂದಿ ಬೇಕಾಗ್ಯಾವ. ಎಂಥಾ ಬಣ್ಣ ಅದಾವಲ್ಲ ಬೇ, ನೋಡ್ ಬಾ ಇಲ್ಲಿ!” ಎಂದು ಆಕೆ ತನ್ನ ಗೆಳತಿಯನ್ನೂ ಕರೆದಳು.

ನಾನು ಉದಾರನಾಗಿ ಎಲ್ಲವನ್ನೂ ಹಂಚಿ ಬಂದೆ. ಹಳ್ಳಿಯ ತಾಯಂದಿರು ಹರಸಿದರೆಂದು ಮನೆಯಲ್ಲಿ ಹೇಳಿಕೊಂಡೆ. ಬಾಗಿಲ ಹಿಂದೆ ಕಂದೀಲಿಗೆ ಮಂಗಳಾರತಿಯಾಯಿತು. “ಕೇಳಿದೇನಲೇ, ದಾನ ಮಾಡಿ ಬಂದಾರಂತ! ಗಾಜ ತಗೊಂಡಾಕಿಗೆ ಒಂದು ಹಿಡಿ ಚಿಂದಿ ಮ್ಯಾಲೆ ಕೊಡಬೇಕು. ಬರೇ ಚಿಂದಿ ಬೇಕಂದಾಕಿ ಒಂದು ಮೊರ ಉಳ್ಳಾಗಡ್ಡಿ ಹಾಕ್ಲಿ. ಹೋಗೂವಾಗ ತುಂಬಿದ ಬುಟ್ಟಿ, ಬರೂವಾಗ ಖಾಲಿ. ಖಾಲಿ ಬುಟ್ಟಿಗೂ ಚಕ್ಕಡಿ ಬಾಡಿಗಿ ಬೀಳತೈತಿಲ್ಲಲೇ?”

ಇಷ್ಟೇ ನೋಡಿ ನನ್ನ ಕೀರ್ತಿಯ ಮೂಲ. ಗಾಜನ್ನು ಕಾಯಬೇಕಾದ ವಸ್ತು ಪುಕ್ಕಟೆಯಾಗಿ ಬಂತು, ಸಂತೆಯಲ್ಲಿ ತಾನೇ ಸರಕಾಯಿತು, ತಿರುಗಿ ಬರುವಾಗ ಉಳ್ಳಾಗಡ್ಡಿಯಾಗಿ ಚಕ್ಕಡಿ ಹತ್ತಿತು. ಪೇಟೆಯಲ್ಲಿ ಮಾರಿದ ಆ ಈರುಳ್ಳಿಯೇ ಬಾಡಿಗೆಯನ್ನು ತೀರಿಸತೊಡಗಿತು. ಅಂಗಡಿ ಮುಚ್ಚುವ ಮಾತು ಮತ್ತೆ ಬರಲಿಲ್ಲ. ಅತ್ತೆ ದಿನವೂ ಚಿಂದಿಯನ್ನು ಬಣ್ಣಬಣ್ಣವಾಗಿ ಆರಿಸಿ ಕಟ್ಟುತ್ತಿದ್ದರು, ಏಕೆಂದರೆ ಗಿರಾಕಿಗಳು ಆಗಲೇ ಬಣ್ಣ ಆರಿಸುವವರಾಗಿದ್ದರು. “ಮುಂದಿನ ವಾರ ಹಸಿರು ತರ್ರಿ, ನನ್ನ ಕೌದಿಗೆ ಹಸಿರೊಂದ ಕಡಿಮಿ ಬಿದ್ದೈತಿ” ಎಂದು ಬಬಲೇಶ್ವರದ ಒಬ್ಬಾಕೆ ತಾಕೀತು ಮಾಡಿದ್ದಳು. ಎರಡೂ ಊರುಗಳಲ್ಲಿ ನನಗೆ ‘ಚಿಂದಿ ಸಾವಕಾರ’ ಎಂಬ ಹೆಸರು ಬಿತ್ತು. ಮುಲ್ಕಿ ಪಾಸಾದ ಮನುಷ್ಯ ನಾನು. ಮೊದಮೊದಲು ನೋವಾಯಿತು. ಆಮೇಲೆ ಆ ಹೆಸರು ಕೂಗಿದವರ ಕಡೆ ತಾನಾಗಿ ತಿರುಗತೊಡಗಿದೆ.

ಒಂದು ಸಲ ಪಕ್ಕದ ಪಾತ್ರೆ ಅಂಗಡಿಯ ಶಿವಪ್ಪನವರು ಮನೆಗೇ ಬಂದು ಗುಟ್ಟು ಕೇಳಿದರು. “ಎಲ್ಲಿ ಕಲ್ತೀರಿ ಇದನ್ನ?”

“ಏನಿಲ್ರಿ, ನಾನೇ ಕೂತು ವಿಚಾರ ಮಾಡಿದೆ” ಎಂದೆ. ಬಾಗಿಲ ಹಿಂದೆ ಒಂದು ಕೆಮ್ಮು ಕೇಳಿಸಿತು.

“ಭಾಳ ಓದಿರಬೇಕ್ರಿ?”

“ಪುಣೆಗೆ ಹೋದಾಗ ಒಂದಿಷ್ಟು ನೋಡಿಕೊಂಡಿದ್ದೆ” ಎಂದೆ. ಈ ಸಲದ ಕೆಮ್ಮು ಉದ್ದವಾಗಿತ್ತು. ನಾನು ಪುಣೆಯನ್ನು ಇವತ್ತಿಗೂ ಕಂಡಿಲ್ಲ.

ಶಿವಪ್ಪನವರು ಮರುಗಿದರು. “ನಿಮ್ಮ ಅತ್ತಿಯವರಿಗೆ ಔಷಧ ಕೊಡಸ್ರಿ. ಕೆಮ್ಮು ಛಲೋ ಅಲ್ಲ.”

ಅದಕ್ಕೆ ಇದ್ದ ಔಷಧ ಒಂದೇ, ನಿಜ ಹೇಳುವುದು. ಅದು ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ. ಬದಲಿಗೆ ಮನಸ್ಸು ತಡೆಯದೆ ಅತ್ತೆಗೆ ಒಂದು ಇಳಕಲ್ಲ ಸೀರೆ ತಂದು ಶಾಂತಾಳ ಕೈಯಲ್ಲಿ ಕೊಟ್ಟೆ. “ಖರ್ಚು ಇಳಸ್ರಿ ಅಂದ್ರ ಏರಿಸ್ಯಾರ ನೋಡಲೇ ಕಂದೀಲಾ” ಎಂದರು. ಆದರೆ ಮರುದಿನವೇ ಅದನ್ನು ಉಟ್ಟರು. ಮಗಳು ರೊಟ್ಟಿ ಬಡಿಸಿದಾಗ ಇನ್ನೊಂದು ಹಾಕು ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವರು ಕೇಳಿ ಹಾಕಿಸಿಕೊಂಡ ಮೊದಲನೆಯ ರೊಟ್ಟಿ ಅದು. ಪೇಟೆಯವರ ಹೊಗಳಿಕೆ ಒಂದು ಕಡೆ ಇರಲಿ, ನನ್ನ ವ್ಯಾಪಾರದಲ್ಲಿ ನನಗೆ ಹೆಮ್ಮೆಯ ದಿನ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಚಕ್ಕಡಿಯ ಹಾದಿ ನೆಟ್ಟಗಾದರೂ ಒಂದು ಕೊರತೆ ಉಳಿದಿತ್ತು. ಸೊಲ್ಲಾಪುರದಿಂದ ಬರುವ ಪೆಟ್ಟಿಗೆಯನ್ನು ತುಂಬುವವರು ಅಲ್ಲಿಯವರು. ಅದರಲ್ಲಿ ಡಜನ್ನಿಗೆ ಒಂದು ಗಾಜು ಒಡೆದೇ ಬರುತ್ತಿತ್ತು. ಅತ್ತೆಗೆ ಆ ಒಂದು ಗಾಜು ಕಣ್ಣಲ್ಲಿ ಕಸ ಬಿದ್ದಂತೆ. ಖಾಲಿ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಗೇಣು ಹಾಕಿ ಅಳೆಯುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದರು. ಆ ದಿನ ಬೆಳಿಗ್ಗೆ ಅವರ ತಲೆಯಲ್ಲಿ ಬಂದಿದ್ದು ಅದರ ಹಾದಿಯೇ.

ಸಂಜೆ ನಾನು ಬಬಲೇಶ್ವರದಿಂದ ತಿರುಗಿ ಬಂದಾಗ ಮನೆಯ ಮುಂದೆ ಜನ ನಿಂತಿದ್ದರು. ಮಧ್ಯಾಹ್ನ ಶಾಂತಾ ಊಟಕ್ಕೆ ಕರೆದಾಗ ಅತ್ತೆ ಬಾಗಿಲ ಹಿಂದೆ ಗೋಡೆಗೆ ಒರಗಿ ಕುಳಿತೇ ಇದ್ದರಂತೆ. ಮಡಿಲಲ್ಲಿ ಚಿಂದಿ ಇತ್ತಂತೆ. ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಅಂದೇ ಮೊದಲು.

ದುಃಖ ಕೇಳಲು ಬಂದ ಶಿವಪ್ಪನವರಿಗೆ ನಾನು ಎಲ್ಲವನ್ನೂ ಹೇಳಿದೆ. ಚಿಂದಿ ಅವರದು, ಉಳ್ಳಾಗಡ್ಡಿ ಅವರದು, ನನ್ನದು ಬರೀ ಹುಲ್ಲು ಎಂದೆ. ಅವರು ನನ್ನ ಕೈ ಹಿಡಿದುಕೊಂಡು, “ನಿಮ್ಮ ದೊಡ್ಡ ಗುಣ ಇದು. ಹೋದವರಿಗೆ ಎಲ್ಲಾ ಬಿಟ್ಟುಕೊಡಾಕತ್ತೀರಿ” ಎಂದರು. ಈಗ ಪೇಟೆಯಲ್ಲಿ ನಾನು ಜಾಣನಷ್ಟೇ ಅಲ್ಲ, ವಿನಯವಂತನೂ ಹೌದು. ಯಾರಾದರೂ ಹಾಗೆ ಹೊಗಳಿದಾಗ ಮಾತು ನಿಲ್ಲಿಸಿ ಒಂದು ಕ್ಷಣ ಕಾಯುತ್ತೇನೆ. ಕೆಮ್ಮು ಬರುವುದಿಲ್ಲ.

ಅಂದು ಅವರ ಮಡಿಲಲ್ಲಿದ್ದದ್ದು ಚಿಂದಿಯ ಸಣ್ಣ ಸಣ್ಣ ಗಂಟುಗಳು, ನಿಂಬೆಹಣ್ಣಿನಷ್ಟು ದಪ್ಪ, ಒಟ್ಟು ಏಳು. ಪೆಟ್ಟಿಗೆಯಲ್ಲಿ ಅವನ್ನು ಎಲ್ಲಿಡಬೇಕೆಂದು ಶಾಂತಾಳಿಗೂ ಹೇಳಿರಲಿಲ್ಲ. ನಾನು ಮೂಲೆಗಳಲ್ಲಿಟ್ಟು ಸೊಲ್ಲಾಪುರಕ್ಕೆ ಕಳಿಸಿ ನೋಡಿದೆ, ತಳದಲ್ಲಿ ಇಡಿಸಿದೆ, ಗಾಜಿನ ಹೊಟ್ಟೆಯೊಳಗೂ ಹಾಕಿಸಿದೆ. ಮೂಲೆಗಾದರೆ ನಾಲ್ಕು ಸಾಕು, ಡಜನ್ ಗಾಜಿಗಾದರೆ ಹನ್ನೆರಡು ಬೇಕು. ಏಳು ಯಾವುದಕ್ಕೆಂದು ನನಗೆ ಹೊಳೆದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಕಂದೀಲನ್ನೂ ಒಂದೆರಡು ಸಲ ಕೇಳಿದ್ದೇನೆ.

ಸೊಲ್ಲಾಪುರದ ಪೆಟ್ಟಿಗೆಯಲ್ಲಿ ಈಗಲೂ ಡಜನ್ನಿಗೆ ಒಂದು ಗಾಜು ಕಡಿಮೆ ಇರುತ್ತದೆ.