ಬೇಸಿನ್ನಿನ ರಕ್ತ ಯಾರದ್ದು?

"ಈ ರಕ್ತ ಯಾರದ್ದು ಅಂತ ಪತ್ತೆ ಹಚ್ಚಿ, ಅವರನ್ನ ಡಾಕ್ಟರ ಕುರ್ಚಿ ಮೇಲೆ ಕೂರಿಸದೆ ನಾನು ಬಿಡೋಳಲ್ಲ!" ಎಂದು ಗುಬ್ಬಿಯ ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಳು.

ಬೇಸಿನ್ನಿನ ಅಂಚಿನಲ್ಲಿ, ಟೂತ್‌ಪೇಸ್ಟಿನ ನೊರೆಯ ನಡುವೆ, ಒಂದು ಸಣ್ಣ ಕೆಂಪು ಎಳೆ. ಬೇರೆಯವರಾಗಿದ್ದರೆ ನಲ್ಲಿ ತಿರುಗಿಸಿ ಮರೆತುಬಿಡುತ್ತಿದ್ದರು. ಆದರೆ ಮಗಳು ಒಂದು ಸಲ ಸೀನಿದರೆ ಶ್ವಾಸಕೋಶದ ಚಿತ್ರ ತೆರೆದು ಕೂರುವ ಹೆಂಗಸು ಈಕೆ. ತಕ್ಷಣ ಫೋನಿನಲ್ಲಿ ಹುಡುಕಿದಳು. ವಸಡಿನ ರೋಗ! ಹಲ್ಲಿನ ಬುಡದಲ್ಲಿ ಪಾಚಿ ಕೂರುತ್ತದೆ, ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ, ವಸಡು ಊದುತ್ತದೆ, ಹಲ್ಲನ್ನು ಹಿಡಿದ ಮೂಳೆಯೇ ಕರಗುತ್ತದೆ. ಅದೂ ನೋವೇ ಇಲ್ಲದೆ! ನೋವಿದ್ದರೆ ಹೇಗೋ ತಿಳಿಯುತ್ತಿತ್ತು. ಗುಬ್ಬಿಗೆ ಹಾಲುಹಲ್ಲು ಬಿದ್ದು ಈಗಷ್ಟೇ ಹೊಸ ಹಲ್ಲು ಬರುತ್ತಿದ್ದವು. ಇವೂ ಹೋದರೆ ಮತ್ತೆ ಬರುವುದುಂಟೆ?

ವಿಚಾರಣೆ ಆರಂಭವಾಯಿತು.

"ರೀ, ನಿಮ್ಮದಾ?"

"ನಂದಲ್ಲ ಕಣೇ," ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ.

"ಅತ್ತೆ, ನಿಮ್ಮದಾ?"

"ನನ್ನ ಹಲ್ಲು ಅಗೋ, ಲೋಟದಲ್ಲಿ ಕೂತಿದೆ. ಹೋಗಿ ಅದನ್ನೇ ಕೇಳು!" ಅತ್ತೆ ಬೊಚ್ಚುಬಾಯಲ್ಲಿ ನಕ್ಕರು.

ಗುಬ್ಬಿ ಮಾತ್ರ ಅಪ್ಪನ ಪೇಪರಿನ ಹಿಂದೆ ಅಡಗಿಕೊಂಡಳು. ಅಮ್ಮನ ಅನುಮಾನಕ್ಕೆ ಅಷ್ಟೇ ಸಾಕಾಯಿತು. ಸೀದಾ ಔಷಧಿ ಅಂಗಡಿಗೆ ಹೋಗಿ ಒಂದು ಡಬ್ಬಿ ಬಣ್ಣದ ಮಾತ್ರೆ ತಂದಳು. ಜಗಿದು, ಮುಕ್ಕಳಿಸಿ ಉಗುಳಿದರೆ ಪಾಚಿ ಇದ್ದಲ್ಲೆಲ್ಲ ನೇರಳೆ ಬಣ್ಣ ಕಚ್ಚಿಕೊಳ್ಳುತ್ತದೆ. ಕಳ್ಳ ತಾನಾಗಿಯೇ ಸಿಕ್ಕಿಬೀಳಬೇಕು! ವಸಡಿನ ಬಗ್ಗೆ ಪುಟಗಟ್ಟಲೆ ಓದಿದ್ದವಳು ಡಬ್ಬಿಯ ಮೇಲಿದ್ದ ಒಂದು ಸಾಲನ್ನು ಮಾತ್ರ ಓದಲಿಲ್ಲ: ಮಲಗುವ ಮುಂಚೆ ಬಳಸಿ. ಮರುದಿನ ಬೆಳಿಗ್ಗೆ, ಒಬ್ಬ ಆಫೀಸಿಗೂ ಒಬ್ಬಳು ಶಾಲೆಗೂ ಹೊರಟು ನಿಂತಾಗ, ಇಬ್ಬರ ಬಾಯಿಗೂ ಒಂದೊಂದು ಹಾಕಿದಳು.

"ನೀನೂ ಒಂದು ಜಗಿಯಬಹುದಲ್ಲ?" ಎಂದ ಗಂಡ.

"ನಾನೂ ಜಗಿದರೆ ನಿಮ್ಮನ್ನ ಪರೀಕ್ಷೆ ಮಾಡೋರು ಯಾರು?"

ಹಲ್ಲಿನ ಮೇಲೆ ಬಣ್ಣ ಕೂತದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ. ನಾಲಿಗೆ, ತುಟಿ, ಗಲ್ಲ ಮಾತ್ರ ಅಚ್ಚ ನೇರಳೆ! ಉಜ್ಜಿದರು, ತೊಳೆದರು, ಟವೆಲ್ಲಿನಿಂದ ತಿಕ್ಕಿದರು. ಟವೆಲ್ ನೇರಳೆಯಾಯಿತೇ ಹೊರತು ತುಟಿಯ ಬಣ್ಣ ಬಿಡಲಿಲ್ಲ.

ಮಧ್ಯಾಹ್ನದೊಳಗೆ ಗಂಡನ ಫೋನು.

"ಮೀಟಿಂಗಲ್ಲಿ ಮಾತಾಡೋಕೆ ಬಾಯಿ ತೆಗೆದೆ ಅಷ್ಟೇ. ಎಲ್ಲರೂ ಕುರ್ಚಿ ಹಿಂದಕ್ಕೆ ಎಳ್ಕೊಂಡ್ರು. ಬಾಸು ರಜೆ ಕೊಟ್ಟು ಮನೆಗೆ ಕಳಿಸಿದಾರೆ. ಅಂಟುರೋಗ ಇರಬಹುದಂತೆ!"

ಅದರ ಬೆನ್ನಿಗೇ ಶಾಲೆಯಿಂದ ಟೀಚರ್.

"ಮಗು ಬಾಯೆಲ್ಲ ಬಣ್ಣ ತಿರುಗಿದೆ. ಏನಮ್ಮ ಅಂತ ಕೇಳಿದ್ರೆ, ರಕ್ತ ಯಾರದ್ದು ಅಂತ ಕಂಡುಹಿಡಿಯೋಕೆ ಅಮ್ಮ ಎಲ್ಲರಿಗೂ ಮಾತ್ರೆ ತಿನ್ನಿಸಿದಾಳೆ ಅಂತಾಳೆ. ಮನೇಲಿ ಎಲ್ಲ ಸರಿ ಇದೆ ತಾನೇ?"

"ಸರಿ ಇದೆ ಮೇಡಂ, ಅದು ಬರೀ ಹಲ್ಲಿನ..."

"ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಶಾಲೆಗೆ ಕಳಿಸಿ!"

ಹೀಗೆ ಆ ಸಂಜೆ ನೇರಳೆ ಬಾಯಿಯ ಇಬ್ಬರನ್ನು ಎಳೆದುಕೊಂಡು ಆಕೆ ಹಲ್ಲಿನ ಡಾಕ್ಟರ ಬಳಿ ಬಂದಳು. ಗುಬ್ಬಿ ಕುರ್ಚಿ ನೋಡಿದ್ದೇ ತಡ, ಬಾಯಿಗೆ ಬೀಗ ಹಾಕಿಕೊಂಡಳು. ಮುದ್ದು ಮಾಡಿದರೂ ಇಲ್ಲ, ಗದರಿದರೂ ಇಲ್ಲ.

"ಅಯ್ಯೋ, ಇದರಲ್ಲಿ ಹೆದರೋದೇನಿದೆ? ನೋಡು, ಮೊದಲು ಅಮ್ಮ ಕೂತ್ಕೋತಾಳೆ!" ಎನ್ನುತ್ತ ಆಕೆ ಪಟ್ಟಕ್ಕೇರುವ ಗತ್ತಿನಲ್ಲಿ ಕುರ್ಚಿ ಏರಿ ಬಾಯಿ ತೆರೆದಳು. ಡಾಕ್ಟರಮ್ಮ ಪುಟ್ಟ ಕನ್ನಡಿ ಇಟ್ಟು, ಒಂದು ಸಣ್ಣ ಕಡ್ಡಿಯಿಂದ ವಸಡನ್ನು ಮುಟ್ಟಿದರು. ಇನ್ನೂ ಒಂದು ಕಡೆ ಮುಟ್ಟಿದರು. ಇಳಿಯಹೊರಟವಳ ಭುಜದ ಮೇಲೆ ಕೈ ಇಟ್ಟರು.

"ಸ್ವಲ್ಪ ಇರಿ. ರಕ್ತ ಯಾವಾಗಿಂದ ಬರ್ತಿದೆ?"

"ಯಾರಿಗೆ?"

"ನಿಮಗೆ."

"ನನಗಾ? ಛೆ! ನಾನು ಒಂದಿನಾನೂ ನೋಡಿಲ್ಲ!"

"ಹಲ್ಲುಜ್ಜುವಾಗ ಎಲ್ಲಿ ನಿಂತಿರ್ತೀರ?"

ಆಕೆ ಯೋಚಿಸಿದಳು. ನಿಂತಿರುವುದೆ? ಬ್ರಷ್ಷನ್ನು ದವಡೆಯಲ್ಲಿ ಕಚ್ಚಿಕೊಂಡೇ ಗುಬ್ಬಿಗೆ ಜಡೆ ಹಾಕುವುದು, ಒಲೆ ಸಣ್ಣಗೆ ಮಾಡುವುದು, ಊಟದ ಡಬ್ಬಿ ತುಂಬುವುದು. ನಡುವೆ ಬೇಸಿನ್ ಸಿಕ್ಕರೆ ಅದರತ್ತ ಉಗುಳಿ ಮುಂದಕ್ಕೆ ಓಟ. ತಾನು ಉಗುಳಿದ್ದನ್ನು ತಿರುಗಿ ನೋಡಲು ಪುರುಸೊತ್ತು ಯಾರಿಗಿದೆ?

"ಕಿಟ್ಟ ವಸಡಿನ ಒಳಕ್ಕೆ ಇಳಿದಿದೆ," ಎಂದರು ಡಾಕ್ಟರಮ್ಮ, ಆಗಷ್ಟೇ ತೆಗೆದ ಎಕ್ಸ್‌ರೇ ತೋರಿಸುತ್ತ. "ಇಲ್ಲಿ ಮೂಳೆ ಸ್ವಲ್ಪ ಕರಗಿದೆ."

"ಹಲ್ಲು ಬಿದ್ದುಹೋಗುತ್ತಾ?" ಆಕೆಯ ಧ್ವನಿ ಗುಬ್ಬಿಯದಕ್ಕಿಂತ ಚಿಕ್ಕದಾಗಿತ್ತು.

"ಈಗಲೇ ಬಂದ್ರಲ್ಲ, ಉಳಿಸ್ಕೋಬಹುದು. ಕರಗಿದ ಮೂಳೆ ವಾಪಸ್ ಬರೋದು ಕಷ್ಟ. ಇನ್ನೂ ಕರಗದ ಹಾಗೆ ತಡೀಬಹುದು. ಕಿಟ್ಟ ನಾನು ತೆಗೀತೀನಿ. ಮನೇಲಿ ಮೆತ್ತನೆ ಬ್ರಷ್ಷು, ಹಲ್ಲು ವಸಡು ಸೇರೋ ಕಡೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಹಲ್ಲಿನ ಸಂದಿಗೆ ದಾರ ಹಾಕಿ ಕೊಳೆ ತೆಗೀರಿ. ರಕ್ತ ಬಂತು ಅಂತ ಹೆದರಿ ಅಲ್ಲಿ ಉಜ್ಜೋದು ಬಿಡಬೇಡಿ. ಮುಖ್ಯವಾಗಿ, ಎರಡು ನಿಮಿಷ ಒಂದೇ ಕಡೆ ನಿಂತ್ಕೊಳ್ಳಿ."

"ಬೆಳಿಗ್ಗೆ ಹೊತ್ತು ಎರಡು ನಿಮಿಷಾನಾ? ಅದರ ಬದಲು ಯಾವುದಾದ್ರೂ ಮಾತ್ರೆ..."

"ಮಾತ್ರೆ ಸಾಕು!" ನೇರಳೆ ಬಾಯಿಗಳೆರಡೂ ಒಟ್ಟಿಗೆ ಕೂಗಿದವು.

ಕೂಗಲು ತೆರೆದ ಗುಬ್ಬಿಯ ಬಾಯೊಳಗೆ ಡಾಕ್ಟರಮ್ಮ ಇಣುಕಿದರು. "ವಸಡು ಚೆನ್ನಾಗಿದೆ ಪುಟ್ಟಾ! ಹಲ್ಲುಜ್ಜೋದು ಯಾರು ಕಲಿಸಿದ್ದು?"

"ಅಮ್ಮ."

"ಹಾಗಾದ್ರೆ ನಾಳೆಯಿಂದ ಅಮ್ಮಂಗೆ ನೀನು ಕಲಿಸು."

ಗುಬ್ಬಿ ಈ ಮಾತನ್ನು ಅಕ್ಷರಶಃ ಪಾಲಿಸಿದಳು. ಮರುದಿನ ಬೆಳಿಗ್ಗೆ ಸ್ಟೂಲ್ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ಅಮ್ಮನ ಪಕ್ಕ ಕಾವಲು ನಿಂತಳು. ಅಡುಗೆಮನೆಯಿಂದ, ಆಕೆಯ ಬದಲು ಒಲೆ ಮುಂದೆ ನಿಂತಿದ್ದ ಗಂಡನ ದನಿ ಬಂತು.

"ಲೇ, ಉಪ್ಪು ಎಲ್ಲಿಟ್ಟಿದೀಯ?"

ಅಮ್ಮ ನೊರೆ ತುಂಬಿದ ಬಾಯಲ್ಲಿ "ಉಂ... ಊಂ..." ಎನ್ನುತ್ತ ಒಂದು ಹೆಜ್ಜೆ ತೆಗೆದಳು.

"ಅಮ್ಮಾ! ಅಲ್ಲಾಡಬೇಡ. ಮಾತಾಡಬೇಡ. ಹಿಂದಿನ ಹಲ್ಲು ಬಾಕಿ ಇದೆ!"

ಅಮ್ಮ ಅಲ್ಲಾಡಲಿಲ್ಲ, ಮಾತಾಡಲಿಲ್ಲ. ಆ ದಿನ ಮನೆಮಂದಿಯೆಲ್ಲ ಉಪ್ಪಿಲ್ಲದ ಊಟ ಮಾಡಿದರು.