ಸಪ್ರೆಸ್, ರಿಸ್ಟ್ರೇನ್ ಮತ್ತು ನಮ್ಮ ಮನೆಯ ಕರು

‘ತಡೆ’ ಎಂಬ ಒಂದೇ ಶಬ್ದ ಇಟ್ಟುಕೊಂಡು ನಾವು ಕನ್ನಡದವರು ಎಷ್ಟು ಸುಖವಾಗಿದ್ದೇವೆ ಎಂಬುದು ಇಂಗ್ಲಿಷ್ ಕಲಿಯಲು ಕೂತಾಗಲೇ ಗೊತ್ತಾಗುವುದು. ನಗುವನ್ನೂ ತಡೆಯುತ್ತೇವೆ, ನೀರನ್ನೂ ತಡೆಯುತ್ತೇವೆ, ಜಗಳಕ್ಕೆ ಹೊರಟ ಗಂಡನನ್ನೂ ತಡೆಯುತ್ತೇವೆ. ಇಂಗ್ಲಿಷಿನವರಿಗೆ ಅದು ಸಾಲದು. ಆಗದಂತೆ ಮೊದಲೇ ನೋಡಿಕೊಂಡರೆ ಪ್ರಿವೆಂಟ್, ಹೆದರಿಸಿ ಹಿಂದೆ ಸರಿಸಿದರೆ ಡಿಟರ್, ಹಿಡಿದು ನಿಲ್ಲಿಸಿದರೆ ರಿಸ್ಟ್ರೇನ್, ಒಳಗೇ ಅದುಮಿಟ್ಟರೆ ಸಪ್ರೆಸ್! ನಾನು ನರ್ಸ್. ವಿದೇಶದ ಕೆಲಸಕ್ಕೆ ಮೊದಲ ಸಲ ಸಂದರ್ಶನ ಕೊಟ್ಟಾಗ, ಮಂಚದಿಂದ ಇಳಿದು ಓಡುವ ರೋಗಿಯನ್ನು ಎಂತ ಮಾಡುತ್ತೀರಿ ಎಂದು ಕೇಳಿದ್ದರು. “ಸಪ್ರೆಸ್ ಮಾಡುತ್ತೇನೆ” ಎಂದು ಗಂಭೀರವಾಗಿ ಹೇಳಿದ್ದೆ. ರೋಗಿಯನ್ನು ಅದುಮಿಡುವ ನರ್ಸ್ ಯಾರಿಗೆ ಬೇಕು?

ಎರಡನೇ ಸಲ ಕರೆ ಬಂದಾಗ ಹಟ ಹಿಡಿದು ಕಲಿತೆ. ನಾನು ದೋಸೆ ಹೊಯ್ಯುವಾಗ ಇವರು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದರು. ದೋಸೆ ಕರಟಿದರೆ, “ಇದನ್ನು ಪ್ರಿವೆಂಟ್ ಮಾಡ್ಲಿಕ್ಕಿತ್ತು ಮಾರಾಯ್ತಿ” ಎನ್ನುತ್ತಿದ್ದರು.

ಸಂದರ್ಶನ ಮನೆಯಿಂದಲೇ, ಮೊಬೈಲಿನಲ್ಲಿ. ನಮ್ಮೂರು ಬೋವಿಕಾನದ ಪೇಟೆಗಿಂತ ನಮ್ಮ ಚಾವಡಿಯಲ್ಲೇ ಸದ್ದು ಕಡಿಮೆ ಎಂದು ಭಾವಿಸಿದ್ದು ನನ್ನ ದಡ್ಡತನ. ಪರದೆಯ ಮೇಲಿನ ಮೇಡಂ “ನೀವು ತಡೆದ ಒಂದು ಅಪಾಯದ ಬಗ್ಗೆ ಹೇಳಿ” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ದನದ ಹಟ್ಟಿಯಿಂದ, ಕರು ಓಡುತ್ತಿದೆ ಹಿಡಿಯಿರಿ ಎಂದು ತುಳುವಿನಲ್ಲಿ ಅತ್ತೆಯ ಕೂಗು: “ಕಂಜಿ ಬಲಿಪುಂಡು! ಪತ್ತ್‌ಲೆ, ಪತ್ತ್‌ಲೆ!” ಹಗ್ಗ ಬಿಚ್ಚಿಕೊಂಡ ಕರು ಬಾಲ ಎತ್ತಿ ನೇರ ಚಾವಡಿಗೇ ನುಗ್ಗಿತು. ಹಿಂದೆ ಪೊರಕೆ ಹಿಡಿದ ಅತ್ತೆ, ಅವರ ಹಿಂದೆ ಲುಂಗಿ ಎತ್ತಿ ಕಟ್ಟಿದ ಇವರು. ಕರು ನನ್ನ ದುಪಟ್ಟಾದ ತುದಿಯನ್ನು ಬಾಯಿಗೆ ಹಾಕಿಕೊಂಡಿತು.

ಈ ಕೆಲಸವೂ ಹೋಯಿತು ಅಂದುಕೊಂಡೆ. ಆದರೆ ಎಲ್ಲಿಂದ ಬಂತೋ ಧೈರ್ಯ, ಕ್ರಿಕೆಟ್ ವೀಕ್ಷಕ ವಿವರಣೆ ಹೇಳುವವರಂತೆ ಶುರುಮಾಡಿದೆ! ಇದು ನಮ್ಮ ಕರು, ಇದರ ಪ್ರವೇಶವನ್ನು ಪ್ರಿವೆಂಟ್ ಮಾಡಲಾಗಲಿಲ್ಲ. ಅತ್ತೆ ಪೊರಕೆಯಿಂದ ಡಿಟರ್ ಮಾಡಲು ನೋಡಿದರು, ಅದು ಹೆದರಲಿಲ್ಲ. ಈಗ ನನ್ನ ಗಂಡ ಕುತ್ತಿಗೆ ಹಿಡಿದು ರಿಸ್ಟ್ರೇನ್ ಮಾಡುತ್ತಿದ್ದಾರೆ. ನಾನು ನಗುವನ್ನು ಸಪ್ರೆಸ್ ಮಾಡುತ್ತಿದ್ದೇನೆ. ಒಂದೂ ತಪ್ಪಲಿಲ್ಲ! ಮೇಡಂ ಮಾತ್ರ ತಮ್ಮ ನಗುವನ್ನು ಸಪ್ರೆಸ್ ಮಾಡಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಮತ್ತಷ್ಟು ಹುರುಪು ಬಂತು. ಕರುವಿನ ತಾಯಿಯ ಸ್ವಭಾವ, ಅದರ ಹಾಲು, ಅತ್ತೆಯ ಸೊಂಟನೋವು ಎಲ್ಲವನ್ನೂ ವಿವರಿಸಿದೆ.

ಮರುವಾರ ಮೇಲ್ ಬಂತು: ಆಯ್ಕೆಯಾಗಿದೆ! ನಾನು ಕುಣಿದೆ, ಅತ್ತೆ ಕರುವಿಗೆ ಬೆಲ್ಲ ತಿನ್ನಿಸಿದರು. ಇವರು ಮೇಲನ್ನು ಕೊನೆಯವರೆಗೂ ಓದಿ ತಲೆಯಾಡಿಸಿದರು. ಕೆಳಗೆ ಒಂದು ಸಾಲು ಇತ್ತಂತೆ: ಇಂಗ್ಲಿಷ್ ಚೆನ್ನಾಗಿದೆ, ಆದರೆ ಸಮಯ ಮುಗಿಯಿತೆಂದು ನಾವು ಹೇಳಿದ ಮೇಲೂ ಅಭ್ಯರ್ಥಿ ಮಾತು ನಿಲ್ಲಿಸಲಿಲ್ಲ.

“ನೋಡು, ಅವರಿಗೂ ಗೊತ್ತಾಯ್ತು” ಎಂದರು ಇವರು. ನಾನು ಅದಕ್ಕೆ ಸಮಜಾಯಿಷಿ ಕೊಡಲು ಶುರುಮಾಡಿದೆ. ಅನ್ನ ಬೆಂದು ಮುದ್ದೆಯಾದರೂ ನನ್ನ ಸಮಜಾಯಿಷಿ ಮುಗಿದಿರಲಿಲ್ಲ.