ನಲವತ್ತು ಚೀಲದ ಪರೀಕ್ಷೆ

ಪಣಕ್ಕಿದ್ದದ್ದು ವರ್ಷಕ್ಕೆ ಮೂವತ್ತಾರು ಸಾವಿರ. ಸಿಂಧನೂರಲ್ಲಿ ರೈತರ ಭತ್ತ ಕೊಂಡು ಮಾರುವ ನನ್ನ ಅಂಗಡಿ, ಮಸ್ಕಿ, ಲಿಂಗಸುಗೂರಲ್ಲಿ ಪಾಲುದಾರರದು ಒಂದೊಂದು. ಮೂರಕ್ಕೂ ಬಿಲ್ ಮಾಡುವ ಸಾಫ್ಟ್‌ವೇರಿಗೆ ಕಂಪನಿಯವ ಕೇಳಿದ್ದು ಅಷ್ಟು. ಕಾಲೇಜಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಂಗಿ ಮಗಳು ಅಡ್ಡ ಬಂದಳು.

"ಮಾಮಾ, ಯಾರ್ಯಾರೋ ಕೂಡಿ ಬರೆದು ಪುಕ್ಕಟೆ ಬಿಟ್ಟಿರೋ ಬಿಲ್ಲಿನ ಪ್ಯಾಕೇಜ್ ಐತಿ. ನಂಬೋಕಿಂತ ಮೊದಲು ಅದಕ್ಕ ಯಾವ ಪರೀಕ್ಷೆ ಹಚ್ಚಬೇಕು ಅಂತ ಆರಿಸೋಣ. ಕೋಡ್ ಬದಲಾದಾಗೆಲ್ಲ ಅವು ತಾವೇ ಓಡ್ತಾವು. ಪಾಸಾದ್ರ ಹಸಿರು, ಫೇಲಾದ್ರ ಕೆಂಪು."

ಬಿಲ್ ತಪ್ಪಿದರೆ ರೈತ ಎದುರಂಗಡಿಗೆ ಹೋಗುತ್ತಾನೆ, ಮರಳಿ ಬರೋದಿಲ್ಲ. ಹಾಗಾಗಿ ಒಪ್ಪಿದೆ. ಪುಕ್ಕಟೆ ಮಾಲು ಇಳಿಸಿಕೊಂಡಾಗೆಲ್ಲ ಅದರ ಹಿಂದೆ ನಗುವಂಥದ್ದೂ ಒಂದಿಷ್ಟು ಇಳಿಯುತ್ತದೆ.

ಚೀಲದ ಬಾಯಿ

"ಬರೆದವರೇ ಇಟ್ಟ ಪರೀಕ್ಷೆ ಎಲ್ಲಾ ಹಸಿರು ಬಂದಾವು, ಮಾಮಾ!"

"ಯವ್ವಾ, ಮಾರೋವ ಚೀಲದ ಬಾಯಾಗ ಚಲೋ ಕಾಳೇ ಇಟ್ಟಿರ್ತಾನ. ತಳಕ್ಕ ಸಲಾಕೆ ಚುಚ್ಚು."

"ನೀವೂ ಹಂಗ ಇಡ್ತೀರೇನು?"

ಚಹಾ ತರಿಸಿದೆ.

ಕೆಂಪು ಬ್ಯಾಡ

ಅವಳು ಆರಿಸಿದ ಹತ್ತರಲ್ಲಿ ಎರಡು ಕೆಂಪಾದವು. ಮಸ್ಕಿಯ ಪಾಲುದಾರ ಸಿಟ್ಟಾದ. "ಫೇಲ್ ಆಗೋ ಪರೀಕ್ಷೆ ಯಾಕ ಆರಿಸೀಯವ್ವಾ? ಅವೆರಡು ತೆಗೆದು ಒಗಿ."

"ಹಂಗಾದ್ರ ನಿನ್ನ ತಕ್ಕಡೀನೂ ತೆಗೆದು ಒಗಿಯಲೇ, ತೂಕ ಕಮ್ಮಿ ಬಿದ್ದದ್ದು ಯಾರಿಗೂ ಕಾಣಂಗಿಲ್ಲ" ಅಂದೆ.

ಆಮೇಲೆ ಗೊತ್ತಾಯಿತು, ಅವನ ತಕ್ಕಡಿ ಕೆಟ್ಟು ತಿಂಗಳಾಗಿತ್ತು, ಅಂದಾಜಲ್ಲೇ ನಡೆದಿತ್ತು.

ಜಪಾನದವ ಬಂದರೆ

ಲಿಂಗಸುಗೂರಿನವನದು ಬೇರೆ ತರಹ. ಸಿಕ್ಕ ಪರೀಕ್ಷೆ ಎಲ್ಲಾ ಹಚ್ಚು ಅಂದ. ಹಚ್ಚಿದಳು. ನಾಷ್ಟಾಕ್ಕೆ ಶುರುವಾದದ್ದು ಊಟದ ಹೊತ್ತಿಗೂ ಓಡುತ್ತಲೇ ಇತ್ತು.

"ಇದು ಜಪಾನದ ತಾರೀಖು ನೋಡಾಕತ್ತೈತ್ರಿ. ನಿಮ್ಮಲ್ಲಿ ಜಪಾನದವ ಯಾವಾಗ ನೆಲ್ಲು ಹಾಕ್ಯಾನ?"

"ನಾಳೆ ಬಂದ್ರ?"

"ಬಂದ್ರ ಆ ಬಿಲ್ ನಾನೇ ಕೈಲೆ ಬರೀತೀನಿ" ಅಂದು ಅಂಥವೆಲ್ಲ ತೆಗೆದು ಮೊದಲಿನ ಹತ್ತನ್ನೇ ಉಳಿಸಿದಳು.

ಹತ್ತು ಚೀಲ ಎಲ್ಲಿ?

ಕೆಂಪು ಬಂದ ಕಡೆ ಕೋಡ್ ಸರಿಮಾಡಿ ಎಲ್ಲಾ ಹಸಿರಾದ ದಿನ, ತುರ್ವಿಹಾಳದ ರೈತನೊಬ್ಬ ಭತ್ತ ತಂದ. ತೂಕ ಮೂರು ಸಾವಿರ ಕಿಲೋ. ಬಿಲ್ ಬಂತು: ಮೂವತ್ತು ಚೀಲ.

"ಸಾವ್ಕಾರ್ರೆ, ನಾ ತಂದದ್ದು ನಲವತ್ತು. ಹತ್ತು ಚೀಲ ನಿಮ್ಮ ಮಷೀನ ತಿಂತೇನ್ರಿ?"

"ಎಲ್ಲಾ ಹಸಿರು ಐತಲ್ಲ!" ಅಂತ ತಂಗಿ ಮಗಳು ಪರದೆ ತೋರಿಸಿದಳು.

"ನನ್ನ ಗದ್ದಿನೂ ಹಸಿರೇ ಇತ್ತು ಬೇ. ಚೀಲ ಎಣಿಸು."

ಪ್ಯಾಕೇಜು ಚೀಲಕ್ಕೆ ನೂರು ಕಿಲೋ ಹಿಡಿದಿತ್ತು. ನಮ್ಮಲ್ಲಿ ಭತ್ತದ ಚೀಲ ಅಂದರೆ ಎಪ್ಪತ್ತೈದು ಅಂತ ಅದಕ್ಕೆ ಹೇಳಿದವರಿಲ್ಲ. ಹತ್ತು ಪರೀಕ್ಷೆ ಆರಿಸಿದ ನಮಗೂ ಇದು ಹೊಳೆದಿರಲಿಲ್ಲ, ಹುಟ್ಟಿದಾಗಿಂದ ಗೊತ್ತಿರೋದನ್ನ ಯಾರು ಪರೀಕ್ಷೆ ಮಾಡ್ತಾರೆ?

ತಂಗಿ ಮಗಳು ತಿದ್ದಿ, ಅವನ ನಲವತ್ತು ಚೀಲವನ್ನೇ ಹನ್ನೊಂದನೇ ಪರೀಕ್ಷೆ ಮಾಡಿ, ಪ್ಯಾಕೇಜು ಬರೆದವರಿಗೂ ಕಳಿಸಿದಳು. ಅವರು ಸೇರಿಸಿಕೊಂಡರು. ಮುಂದಿನ ಸಲ ಬಂದಾಗ ರೈತನಿಗೆ ತಿಳಿಸಿದಳು: "ಕಾಕಾ, ಇನ್ನ ಯಾವ ದೇಶದವ ಕೋಡ್ ಮುಟ್ಟಿದ್ರೂ ಮೊದಲು ನಿಮ್ಮ ನಲವತ್ತು ಚೀಲ ತೂಗೇ ಮುಂದ ಹೋಗ್ತೈತಿ."

ಅವ ನನ್ನ ಕಡೆ ತಿರುಗಿದ. "ಮುಟ್ಟಿದಾಗೆಲ್ಲ ತೂಗ್ತಾರಂತಲ್ರಿ ಸಾವ್ಕಾರ್ರೆ. ಅಷ್ಟೂ ಸರ್ತಿ ಚೀಲ ಎತ್ತಿದ ಹಮಾಲಿ ನನ್ನ ಬಿಲ್ಲಿನಾಗ ಮುರಕೊಳ್ಳಂಗಿಲ್ಲ ಹೌದಿಲ್ಲೋ?"

ಉಳಿದದ್ದು ಮೂವತ್ತಾರು ಸಾವಿರ. ಅದರಲ್ಲಿ ಅವನ ನಲವತ್ತು ಚೀಲದ ಹಮಾಲಿ ಬಿಟ್ಟುಕೊಟ್ಟೆ, ಒಂದು ಸರ್ತಿದು ಮಾತ್ರ.